ಹಕ್ಕಲು ಯಾರ ಹಕ್ಕು?

ಕೊಯ್ಲು ಮುಗಿದ ಹೊಲದಲ್ಲಿ ಅಲ್ಲಲ್ಲಿ ಬಿದ್ದು ಉಳಿಯುವ ತೆನೆ, ಉದುರಿದ ಕಾಳು, ಕಿತ್ತ ಮೇಲೂ ಮಣ್ಣಿನೊಳಗೇ ಉಳಿದ ಶೇಂಗಾ ಇವಕ್ಕೆಲ್ಲ ಕನ್ನಡದಲ್ಲಿ ಹಕ್ಕಲು ಎಂಬ ಹೆಸರಿದೆ. ಒಡೆಯ ತನ್ನ ಬೆಳೆ ಒಯ್ದ ಮೇಲೆ ಹಕ್ಕಲು ಆಯಲು ಬರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಕೂಲಿಗೆ ಹೋಗಲಾರದ ಮುದುಕಿಯರು. 'ಹಕ್ಕು' ಅರಬಿ ಮೂಲದಿಂದ ಬಂದ ಪದ. ಹಕ್ಕಲಿಗೂ ಅದಕ್ಕೂ ನಂಟಿಲ್ಲ. ಆದರೂ ಕಿವಿಗೆ ಒಂದೇ ಮನೆಯವರಂತೆ ಕೇಳಿಸುವ ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ಒಂದು ಪ್ರಶ್ನೆ ಕೇಳಬಹುದು. ವಿಷವಿಲ್ಲದೆ ಬೆಳೆಯುತ್ತೇನೆ ಎನ್ನುವ ದೊಡ್ಡ ಸಾವಯವ ಹೊಲದಲ್ಲಿ ಉದುರಿದ ಕಾಳು ಯಾರದು?

ಅಂಥ ಹೊಲದ ಸುಗ್ಗಿ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ನೂರಾರು ಎಕರೆ ಭತ್ತವೆಂದರೆ ಕೊಯ್ಯುವುದು ಕುಡುಗೋಲಲ್ಲ, ಮಷಿನ್. ಅದು ಬಾಡಿಗೆಯದಾಗಿದ್ದರೆ ನಿನ್ನೆ ರಾಸಾಯನಿಕ ಹಾಕಿದ ಗದ್ದೆಯಲ್ಲಿ ಕೊಯ್ದು ಬಂದಿರುತ್ತದೆ, ಹೊಟ್ಟೆಯಲ್ಲಿ ಆ ಭತ್ತ ಉಳಿದಿರುತ್ತದೆ. ಆದ್ದರಿಂದ ಮೊದಲು ಅದನ್ನು ತೊಳೆದು, ಊದಿ ಸ್ವಚ್ಛ ಮಾಡಬೇಕು. ಗೊಬ್ಬರ ತುಂಬಿದ್ದ ಹಳೆಯ ಚೀಲ ಬಳಸುವಂತಿಲ್ಲ. ಪಕ್ಕದವನ ಗದ್ದೆಗೆ ತಾಗಿದ ಅಂಚಿನ ಪಟ್ಟಿಯ ಭತ್ತವನ್ನು ಬೇರೆ ಇಡಬೇಕಾಗಬಹುದು. ಯಾವ ಸರ್ವೆ ನಂಬರಿನದು ಎಷ್ಟು ಚೀಲ ಎಂಬ ಲೆಕ್ಕ ಬೇಕು. ಎಕರೆಗೆ ಬರಬಹುದಾದ ಇಳುವರಿಗೂ ಮಾರಿದ ತೂಕಕ್ಕೂ ತಾಳೆಯಾಗಬೇಕು. 2001ರಲ್ಲಿ ಆರಂಭವಾದ ನಮ್ಮ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ ಸಿಗಬೇಕಾದರೆ ಇಂಥ ಶಿಸ್ತು ಬೇಕು. ಇದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸಾಮಾನ್ಯ ಅಕ್ಕಿಗೇ ಸಾವಯವದ ಚೀಟಿ ಅಂಟಿಸಿ ಮಾರುವ ಆಸೆ ಎಲ್ಲಿ ಬೇಕಾದರೂ ಹುಟ್ಟಬಹುದು. ಲೆಕ್ಕವಿಲ್ಲದೆ ನಂಬಿಕೆ ನಿಲ್ಲುವುದಿಲ್ಲ.

ಆದರೆ ಈ ಶುದ್ಧಿ ಕಾಳಿನದು. ಪ್ರಯೋಗಾಲಯಕ್ಕೆ ಒಂದು ಹಿಡಿ ಅಕ್ಕಿ ಕಳಿಸಿದರೆ ಕೀಟನಾಶಕದ ಅಂಶ ಇದೆಯೋ ಇಲ್ಲವೋ ಹೇಳುತ್ತಾರೆ. ನಾಟಿ ಮಾಡಿದವಳಿಗೆ ಎಷ್ಟು ಕೂಲಿ ಕೊಟ್ಟರು, ಕಳೆ ಕೀಳುತ್ತ ಎಷ್ಟು ದಿನ ಬಗ್ಗಿದ್ದಳು ಎಂಬುದನ್ನು ಆ ಅಕ್ಕಿ ಹೇಳುವುದಿಲ್ಲ. ಕಳೆನಾಶಕ ಬಿಟ್ಟ ಹೊಲದಲ್ಲಿ ಬಗ್ಗುವ ಬೆನ್ನುಗಳು ಹೆಚ್ಚು ಬೇಕಾಗುತ್ತವೆ ಎಂಬುದನ್ನು ಸಾವಯವದ ಉತ್ಸಾಹಿಗಳು ಮೆಲ್ಲಗೆ ದಾಟಿಬಿಡುತ್ತಾರೆ. ಜಾಗತಿಕ ಸಾವಯವ ಒಕ್ಕೂಟ 2005ರಲ್ಲಿ ಒಪ್ಪಿದ ನಾಲ್ಕು ತತ್ವಗಳು ಆರೋಗ್ಯ, ಪರಿಸರ, ನ್ಯಾಯ ಮತ್ತು ಕಾಳಜಿ. ನ್ಯಾಯ ಅಲ್ಲಿ ಇದೆ. ಆದರೆ ಅದನ್ನು ಅಳೆಯುವ ಮಾಪಕ ಪ್ರಯೋಗಾಲಯದಲ್ಲಿಲ್ಲ.

ಹಕ್ಕಲಿಗೆ ಬರೋಣ. ಮಷಿನ್ ಕೊಯ್ದರೂ ಕಾಳು ಉದುರುತ್ತದೆ, ಮೂಲೆಗಳಲ್ಲಿ ತೆನೆ ನಿಂತಿರುತ್ತದೆ. ಹೊಲದ ಸುತ್ತ ಬೇಲಿಯಿದೆ, ಗೇಟಿಗೆ ಬೀಗವಿದೆ. ಒಡೆಯನನ್ನು ಕೇಳಿದರೆ ಅವನಲ್ಲೂ ತಕ್ಕ ಕಾರಣವಿದೆ: ಬಿದ್ದದ್ದು ಮಣ್ಣಿಗೆ ಸೇರಲಿ, ಹಕ್ಕಿ ತಿನ್ನಲಿ, ಎರೆಹುಳು ಬದುಕಲಿ, ಸಾವಯವ ಎಂದರೆ ಅದೇ ಅಲ್ಲವೇ. ಜಪಾನಿನ ಮಸನೊಬು ಫುಕುವೋಕಾ ಹುಲ್ಲನ್ನೆಲ್ಲ ಗದ್ದೆಗೇ ಮರಳಿ ಹರಡಿದರು. ಹೊಲದ್ದನ್ನು ಹೊಲಕ್ಕೆ ಕೊಡುವುದು ಸಣ್ಣ ಮಾತಲ್ಲ. ಆದರೆ ಅದೇ ಒಡೆಯ ಕೊಯ್ಲಾದ ಮೇಲೆ ಕುರಿ ಮಂದೆ ನಿಲ್ಲಿಸಲು ಕುರಿಗಾರರನ್ನು ಕರೆಯುತ್ತಾನೆ, ಎಷ್ಟೋ ಕಡೆ ಅದಕ್ಕೆ ದುಡ್ಡನ್ನೂ ಕೊಡುತ್ತಾನೆ. ಕುರಿಗಳು ಉದುರಿದ ಕಾಳನ್ನೂ ಕೂಳೆಯನ್ನೂ ತಿಂದು ಹಿಕ್ಕೆ ಬಿಟ್ಟು ಹೋಗುತ್ತವೆ. ಮುದುಕಿ ಏನನ್ನೂ ಬಿಟ್ಟು ಹೋಗುವುದಿಲ್ಲ. ಕುರಿಗೆ ತೆರೆದ ಗೇಟು ಅವಳಿಗೆ ತೆರೆಯದಿರಲು ಇದಲ್ಲದೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಪ್ರಕೃತಿಯ ಚಕ್ರದಲ್ಲಿ ಎಲ್ಲರಿಗೂ ಪಾಲಿದೆ ಎನ್ನುವ ಹೊಲದಲ್ಲಿ ಉಪಯೋಗಕ್ಕೆ ಬಾರದ ಮನುಷ್ಯರಿಗೆ ಮಾತ್ರ ಪಾಲಿಲ್ಲ.

ಈ ಜಗಳ ಹಳೆಯದು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಬೈಬಲಿನ ಯಾಜಕಕಾಂಡ ವಿಧಿಸುತ್ತದೆ. ರೂತಳು ಬೆತ್ಲೆಹೇಮಿನ ಹೊಲದಲ್ಲಿ ತೆನೆ ಆಯ್ದದ್ದು ಆ ವಿಧಿಯ ಬಲದಿಂದ. ಇಂಗ್ಲೆಂಡಿನಲ್ಲಿ 1788ರಲ್ಲಿ ಸಫೋಕ್ ಸೀಮೆಯ ಮೇರಿ ಹೌಟನ್ ಎಂಬಾಕೆ ಹಕ್ಕಲು ಆಯ್ದದ್ದಕ್ಕೆ ಹೊಲದೊಡೆಯ ಕೋರ್ಟಿಗೆ ಹೋದ. ಹಕ್ಕಲು ಆಯುವ ಹಕ್ಕು ಸಾಮಾನ್ಯ ಕಾನೂನಿನಲ್ಲಿ ಇಲ್ಲ ಎಂದು ಬಹುಮತದ ತೀರ್ಪಾಯಿತು. ಮೋಶೆಯ ವಿಧಿ ಇಂಗ್ಲೆಂಡನ್ನು ಕಟ್ಟಿಹಾಕುವುದಿಲ್ಲ ಎಂಬ ಮಾತೂ ಅಲ್ಲಿ ಬಂತು. ತೀರ್ಪಾದ ಮೇಲೂ ಬಹಳ ಊರುಗಳ ಹೆಂಗಸರು ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ!

ನಮ್ಮ ಹಳೆಯ ಸುಗ್ಗಿಯನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಕಣದಲ್ಲಿ ರಾಶಿ ಪೂಜೆಯಾದ ಮೇಲೆ ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ ಆಯ ಅಳೆದು ಕೊಡುತ್ತಿದ್ದರು, ನಿಜ. ಯಾರು ರಾಶಿಯ ಹತ್ತಿರ ನಿಲ್ಲಬೇಕು, ಯಾರು ದೂರ ನಿಂತು ಸೆರಗೊಡ್ಡಬೇಕು ಎಂಬುದನ್ನು ಜಾತಿ ಗೊತ್ತುಮಾಡಿತ್ತು. ಆ ಕೊಡುಗೆಯಲ್ಲಿ ಕೊಡುವವನ ಮುಖ ನೋಡಲೇಬೇಕು. ಹಕ್ಕಲು ಹಾಗಲ್ಲ. ಆಯುವವಳು ಬಗ್ಗುವುದು ನೆಲಕ್ಕೆ. ಅವಳು ಯಾರಿಗೂ ಋಣಿಯಲ್ಲ. ಆದ್ದರಿಂದಲೇ ದಾನವನ್ನು ಸಂತೋಷದಿಂದ ಮಾಡುವ ಒಡೆಯನಿಗೂ ಹಕ್ಕಲು ಕಿರಿಕಿರಿ ಮಾಡುತ್ತದೆ ಎಂದು ನನ್ನ ಅನುಮಾನ.

ಸರಿಯಾದ ಕೂಲಿ ಸಿಕ್ಕರೆ ಹಕ್ಕಲು ಆಯುವ ಗತಿಯೇ ಯಾಕೆ ಬರುತ್ತದೆ ಎಂದು ಓದುಗರು ಕೇಳಬಹುದು. ಒಪ್ಪುತ್ತೇನೆ, ಕೂಲಿ ಮೊದಲು. ಕಡಿಮೆ ಕೂಲಿಗೆ ಹಕ್ಕಲನ್ನು ಸಮಾಧಾನವಾಗಿ ಕೊಡುವುದು ಮೋಸ. ಆದರೆ ಕೂಲಿ ಕೆಲಸ ಮಾಡಬಲ್ಲವರಿಗೆ ಸಿಗುತ್ತದೆ. ಸೊಂಟ ಹೋದವರಿಗೆ, ಈ ಊರಿಗೆ ನಿನ್ನೆ ಬಂದವರಿಗೆ ಏನಿದೆ?

ತೊಡಕು ಇರುವುದು ದಿನಗಳಲ್ಲಿ. ಮಷಿನ್ ಹೋದ ಮರುದಿನವೇ, ನೆಲದ ಹಸಿ ಆರುವ ಮೊದಲು, ಮುಂದಿನ ಬೆಳೆಗೆ ಟ್ರ್ಯಾಕ್ಟರ್ ಇಳಿಯುತ್ತದೆ. ಹಕ್ಕಲಿಗೆ ಎರಡು ದಿನ ಬಿಡಿ ಎಂದರೆ ಎರಡು ದಿನದ ಹಸಿ ಕಳೆದುಕೊಳ್ಳಿ ಎಂದಂತೆ. ಮಳೆ ನಂಬಿದ ಎರಡು ಎಕರೆಯ ರೈತನಿಗೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಲುವೆಯ ನೀರಿರುವ, ಸಾವಯವದ ಹೆಸರಿಗೆ ಕಿಲೋಗೆ ಹೆಚ್ಚಿನ ಬೆಲೆ ಎಣಿಸುವ ನೂರಾರು ಎಕರೆಯವನಿಗೆ ಮೊದಲು ಹೇಳುತ್ತೇನೆ.