ಬಾರದ ಕಾಯಿಲೆಗೆ ಮದ್ದು

ಕಾಯಿಲೆಯೇ ಇಲ್ಲದ ಮಗುವಿಗೆ ಆಂಟಿಬಯಾಟಿಕ್ ಕುಡಿಸಬಹುದೇ? ನೆಗಡಿಗೆಲ್ಲ ಆ ಮಾತ್ರೆ ನುಂಗಬೇಡಿ ಎಂಬ ಬುದ್ಧಿಮಾತು ಕೇಳುತ್ತಲೇ ಬೆಳೆದ ನಮ್ಮ ಬಾಯಿಗೆ ಥಟ್ಟನೆ ಬರುವ ಉತ್ತರ ‘ಬೇಡ’. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಲೆಕ್ಕವನ್ನು ಮುಂದಿಟ್ಟುಕೊಂಡು ಅದೇ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ನೈಜರ್, ಮಲಾವಿ, ಟಾಂಜಾನಿಯಾಗಳ ಹಳ್ಳಿಗಳಲ್ಲಿ ನಡೆದ ‘ಮಾರ್ಡರ್’ ಎಂಬ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸುಮಾರು 1,90,000 ಮಕ್ಕಳು; ಎಲ್ಲರೂ ಒಂದು ತಿಂಗಳು ತುಂಬಿದ, ಐದು ವರ್ಷದೊಳಗಿನವರು. ಕೆಲವು ಊರುಗಳಲ್ಲಿ ಆರು ತಿಂಗಳಿಗೊಮ್ಮೆ ಅಜಿತ್ರೋಮೈಸಿನ್, ಉಳಿದ ಊರುಗಳಲ್ಲಿ ಮದ್ದಿಲ್ಲದ ಸಿರಪ್ಪು. ಮದ್ದು ಕೊಟ್ಟ ಕಡೆ ಮಕ್ಕಳ ಸಾವು 13.5% ಕಡಿಮೆ, ನೈಜರ್ ಒಂದರಲ್ಲೇ 18%. ಆದರೆ ಅಲ್ಲಿನ ಮಕ್ಕಳ ಕರುಳಿನಲ್ಲಿ ಈ ಬಗೆಯ ಮದ್ದಿಗೆ ಬಗ್ಗದ ಜೀನುಗಳೂ ಹೆಚ್ಚಿದವು.

ಯಾವ ಮಗು ಉಳಿಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಮುಂದೊಂದು ದಿನ ಮದ್ದು ನಾಟದೆ ಸಾಯುವ ರೋಗಿಯೂ ಹೀಗೆಯೇ ಹೆಸರಿಲ್ಲದವನು. ಇಬ್ಬರೂ ಕಾಣದವರೇ ಆದಾಗ ಯಾರ ಪರ ನಿಲ್ಲುವುದು? ನಾನು ಈ ಮಗುವಿನ ಪರ. ಮುಂದಿನ ರೋಗಿಗೆ ಹೊಸ ಮದ್ದೋ ಲಸಿಕೆಯೋ ಸಿಗುವ ಸಾಧ್ಯತೆಯಾದರೂ ಇದೆ. ಈ ವರ್ಷ ಸಾಯುವ ಮಗುವಿಗೆ ಕಾಯುವ ವ್ಯವಧಾನವಿಲ್ಲ.

ನಮ್ಮಲ್ಲಿಯೂ ಕಾಯಿಲೆಗೆ ಮೊದಲೇ ಮದ್ದು ಕೊಡುವುದುಂಟು. ಆಪರೇಷನ್ನಿಗೆ ಚರ್ಮ ಕೊಯ್ಯುವ ಮೊದಲು ಒಂದು ಡೋಸ್ ಕೊಡುತ್ತಾರೆ. ರುಮ್ಯಾಟಿಕ್ ಜ್ವರ ಬಂದುಹೋದ ಮಕ್ಕಳಿಗೆ ಮೂರು-ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಪೆನಿಸಿಲಿನ್ ಚುಚ್ಚುತ್ತಾರೆ. ಯಾರೂ ತಕರಾರು ತೆಗೆಯುವುದಿಲ್ಲ. (ಆ ಚುಚ್ಚುಮದ್ದಿನ ನೋವಿನ ಬಗ್ಗೆ ಮಕ್ಕಳ ತಕರಾರು ಬೇರೆ ಮಾತು.) ಅಲ್ಲಿ ಅಪಾಯವಿರುವುದು ಒಬ್ಬ ವ್ಯಕ್ತಿಯ ಮೈಯಲ್ಲಿ. ನೈಜರ್‌ನ ಮಗುವಿಗೋ, ಹುಟ್ಟಿದ ಊರೇ ಅಪಾಯ. ನೀರು, ಊಟ, ಹತ್ತಿರದಲ್ಲೊಂದು ಆಸ್ಪತ್ರೆ, ಇವುಗಳ ಕೊರತೆಯನ್ನು ಸಿರಪ್ಪಿನಿಂದ ತುಂಬುತ್ತಿದ್ದೇವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬಾವಿ ತೋಡುವವರೆಗೆ ಸಿರಪ್ಪು ತಡೆಹಿಡಿಯುವುದರಿಂದ ಬಾವಿ ಬೇಗ ಆಗುವುದಿಲ್ಲ. ಇನ್ನು ನಿರೋಧದ ಭಯ: ಕೋಳಿ ಫಾರಮ್ಮುಗಳಲ್ಲಿ, ಚೀಟಿಯಿಲ್ಲದೆ ಮಾರುವ ಅಂಗಡಿಗಳಲ್ಲಿ ಆಂಟಿಬಯಾಟಿಕ್ ಸುರಿಯುವ ಜಗತ್ತು ಮಿತವ್ಯಯದ ಪಾಠವನ್ನು ಈ ಹಳ್ಳಿಗಳಿಂದಲೇ ಶುರುಮಾಡುವುದು ನನಗೆ ನ್ಯಾಯವೆನಿಸದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಧ್ಯದ ದಾರಿ ಹಿಡಿಯಿತು. ಎಲ್ಲ ಕಡೆ ಬೇಡ. ಸಹಾರಾದ ದಕ್ಷಿಣಕ್ಕೆ, ಸಾವಿರ ಜನನಕ್ಕೆ 60ಕ್ಕಿಂತ ಹೆಚ್ಚು ಶಿಶುಗಳು ಅಥವಾ 80ಕ್ಕಿಂತ ಹೆಚ್ಚು ಐದರೊಳಗಿನ ಮಕ್ಕಳು ಸಾಯುವೆಡೆ, ಒಂದರಿಂದ ಹನ್ನೊಂದು ತಿಂಗಳ ಕೂಸುಗಳಿಗೆ ಮಾತ್ರ ಕೊಡುವುದನ್ನು ಪರಿಗಣಿಸಬಹುದು ಎಂದಿತು. ಮದ್ದು ಕಡಿಮೆ ಬಳಸಿದರೆ ನಿರೋಧವೂ ಕಡಿಮೆ ಎಂಬ ಎಣಿಕೆ. ಆದರೆ 2024ರಲ್ಲಿ ಪ್ರಕಟವಾದ, ನೈಜರ್‌ನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಐದರೊಳಗಿನ ಎಲ್ಲರಿಗೂ ಕೊಟ್ಟಾಗ ಸಾವು 14% ಇಳಿಯಿತು. ಕೂಸುಗಳಿಗಷ್ಟೇ ಕೊಟ್ಟ ಊರುಗಳಲ್ಲಿ ಖಚಿತವಾಗಿ ಹೇಳಬಹುದಾದ ಇಳಿಕೆ ಕಾಣಲಿಲ್ಲ. ಎಚ್ಚರಿಕೆಯಿಂದ ಅಳೆದು ಕೊಟ್ಟ ಅರ್ಧ ಮದ್ದು ನಿರೋಧದ ಬೆಲೆಯನ್ನಷ್ಟೇ ಕಟ್ಟಿಸಿಕೊಂಡು ಮಕ್ಕಳನ್ನು ಉಳಿಸದೆ ಹೋಗಬಹುದು.