ಮೌನದ ಆರಾಧನೆ, ಮೌನದ ಸೇವೆ



ಪರಮ ಪ್ರಸಾದದ ಮುಂದೆ ಒಂದು ಗಂಟೆ ಮೊಣಕಾಲೂರಿದವರನ್ನು ಕಂಡು, "ಈ ಗಂಟೆಯನ್ನು ಒಬ್ಬ ರೋಗಿಯ ಆರೈಕೆಗೆ ಕೊಟ್ಟಿದ್ದರೆ ದೇವರು ಹೆಚ್ಚು ಮೆಚ್ಚುತ್ತಿರಲಿಲ್ಲವೇ?" ಎಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಅವರು ನಾಸ್ತಿಕರಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ ತಂದೆಯನ್ನೋ ಎತ್ತಿ ಕೂರಿಸಿ ದಣಿದವರೇ ಹೆಚ್ಚಾಗಿ ಹೀಗೆ ಕೇಳುತ್ತಾರೆ. ಆ ಪ್ರಶ್ನೆಯನ್ನು ಭಕ್ತಿಯ ಕೊರತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಾವು ಸಾಮಾನ್ಯವಾಗಿ ಕೊಡುವ ಉತ್ತರವೊಂದಿದೆ: ಆರಾಧನೆಯಿಂದ ಶಕ್ತಿ ದೊರೆಯುತ್ತದೆ, ಆ ಶಕ್ತಿಯಿಂದ ಸೇವೆ ಸಾಧ್ಯವಾಗುತ್ತದೆ. ಉತ್ತರ ತಪ್ಪಲ್ಲ, ಆದರೆ ಅದು ಪೂರ್ಣವೂ ಅಲ್ಲ. ದೇವಾಲಯವೆಂದರೆ ಮೊಬೈಲಿಗೆ ಚಾರ್ಜ್ ಹಾಕುವ ಜಾಗವೆಂಬಂತೆ ಕೇಳಿಸುತ್ತದೆ. ಸೊರಬದ ಹಳ್ಳಿಗಳಲ್ಲಿ ಮನೆಮನೆಗೆ ನಡೆದುಹೋಗುವ ಆಶಾ ಕಾರ್ಯಕರ್ತೆಯರಲ್ಲಿ ಬಹುತೇಕರು ನಮ್ಮ ಧರ್ಮದವರಲ್ಲ. ಪರಮ ಪ್ರಸಾದವನ್ನು ಅರಿಯದೆಯೂ ಅವರು ನಮ್ಮಲ್ಲಿ ಹಲವರಿಗಿಂತ ಹೆಚ್ಚು ದುಡಿಯುತ್ತಾರೆ. ಇತ್ತ ದಿನವೂ ಬಲಿಪೂಜೆಯಲ್ಲಿ ಭಾಗವಹಿಸಿಯೂ ನೆರೆಮನೆಯ ವಿಧವೆಯ ಹೆಸರು ತಿಳಿಯದವರುಂಟು. ಕೊರಿಂಥದ ಸಭೆಯಲ್ಲಿ ಉಳ್ಳವರು ಉಂಡು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದು ನಿಂತಿರುತ್ತಿದ್ದರು. ಅಂಥ ಕೂಟವನ್ನು ಪ್ರಭುವಿನ ಭೋಜನವೆಂದು ಕರೆಯಲು ಸಂತ ಪೌಲರು ಒಪ್ಪಲಿಲ್ಲ.

ಹಾಗಾದರೆ ಆರಾಧನೆ ನಮಗೆ ಕಲಿಸುವುದಾದರೂ ಏನು? ಇದನ್ನು ಅರಿಯಲು ಸೊರಬ ತಾಲ್ಲೂಕಿನದೇ ಒಂದು ಕಾಡನ್ನು ನೆನೆಯೋಣ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿನಂಚಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಉಣುಗುಗಳು ಕಚ್ಚುವುದರಿಂದ ಬರುವ ಆ ರೋಗವನ್ನು ವೈದ್ಯಲೋಕ ಇಂದಿಗೂ ಕ್ಯಾಸನೂರಿನ ಹೆಸರಿನಿಂದಲೇ ಕರೆಯುತ್ತದೆ. ನಮ್ಮ ಜನರಿಗೆ ಅದು ಮಂಗನ ಕಾಯಿಲೆ. ಆ ವೈರಾಣುವನ್ನೇ ಕೊಲ್ಲುವ ಔಷಧಿ ಇಂದಿಗೂ ದೊರೆತಿಲ್ಲ. ಜ್ವರ ಇಳಿಸುವುದು, ದೇಹದ ನೀರಿನಂಶ ಕಾಪಾಡುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು, ಉಳಿದಂತೆ ಕಾಯುವುದು. ಈ ಕಾಯಿಲೆ ಒಬ್ಬರಿಂದೊಬ್ಬರಿಗೆ ಹರಡುವಂಥದ್ದಲ್ಲ. ರೋಗಿಯ ಬಳಿ ಕೂರಲು ಹೆದರಬೇಕಾಗಿಲ್ಲ. ಆದರೂ ಕೂರುವುದು ಕಷ್ಟ.

ಏಕೆ ಕಷ್ಟ? ಮಾಡಲು ಏನಾದರೂ ಇದ್ದರೆ ನಾವು ಉತ್ಸಾಹದಿಂದ ಓಡಾಡುತ್ತೇವೆ: ವಾಹನ ತರಿಸುತ್ತೇವೆ, ಔಷಧಿ ಕೊಳ್ಳುತ್ತೇವೆ, ವೈದ್ಯರೊಡನೆ ಮಾತನಾಡುತ್ತೇವೆ. ಮಾಡಲು ಏನೂ ಉಳಿಯದಾಗ ಮೆಲ್ಲನೆ ಎದ್ದು ಜಗಲಿಗೆ ಬರುತ್ತೇವೆ. ಮಂಗನ ಕಾಯಿಲೆಗೆ ಮಾತ್ರವಲ್ಲ, ಪಾರ್ಶ್ವವಾಯು ಬಡಿದವರ, ಮರೆವಿನ ರೋಗಕ್ಕೆ ಸಿಕ್ಕಿ ಮಕ್ಕಳನ್ನೇ ಗುರುತಿಸಲಾರದ ಹಿರಿಯರ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಸೇವೆಗೆ ಫಲವಿಲ್ಲ, ಕೃತಜ್ಞತೆಯ ಒಂದು ನೋಟವೂ ಇಲ್ಲದಿರಬಹುದು.

ಈಗ ಪರಮ ಪ್ರಸಾದದ ಸನ್ನಿಧಿಯನ್ನು ಗಮನಿಸಿರಿ. ಅಲ್ಲಿಯೂ ಕಣ್ಣಿಗೆ ಕಾಣುವಂತೆ ಏನೂ ಘಟಿಸುವುದಿಲ್ಲ. ಪ್ರಭು ಮಾತನಾಡುವುದಿಲ್ಲ, ರೊಟ್ಟಿಯ ರೂಪದಲ್ಲಿ, ಸಂಪೂರ್ಣವಾಗಿ ಇತರರ ಕೈಗೆ ತನ್ನನ್ನು ಒಪ್ಪಿಸಿಕೊಂಡು ಇದ್ದಾನೆ, ಅಷ್ಟೇ. ನಾವೂ ಅವನ ಮುಂದೆ ಇರುತ್ತೇವೆ. ಮನಸ್ಸು ಗದ್ದೆಗೆ, ಸಾಲಕ್ಕೆ, ಅಡುಗೆಗೆ ಹರಿದುಹೋಗುತ್ತದೆ. ಮತ್ತೆ ತಂದು ನಿಲ್ಲಿಸುತ್ತೇವೆ. ಏನನ್ನೂ ಸಾಧಿಸದೆ, ಯಾವ ಪ್ರತಿಫಲವನ್ನೂ ಕಾಣದೆ ಒಬ್ಬರ ಬಳಿ ಪ್ರೀತಿಯಿಂದ ಇರುವುದನ್ನು ಕಲಿಸುವ ಪಾಠಶಾಲೆ ಇದಕ್ಕಿಂತ ಬೇರೊಂದು ಎಲ್ಲಿದೆ?

ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಮಂಗಳೂರಿಗೆ ಬಂದ ಜರ್ಮನ್ ಮೂಲದ ಯೇಸುಸಭೆಯ ಗುರು ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಹಂಚತೊಡಗಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಕುಷ್ಠಕ್ಕೆ ಪರಿಣಾಮಕಾರಿಯಾದ ಔಷಧಿ ಬಂದದ್ದು 1940ರ ದಶಕದಲ್ಲಿ. ಎಂದರೆ ಸುಮಾರು ಅರ್ಧ ಶತಮಾನ ಅಲ್ಲಿ ದುಡಿದವರು ಗುಣಪಡಿಸಲಾಗದ ರೋಗಿಗಳ ವ್ರಣಗಳನ್ನೇ ತೊಳೆದು ಕಟ್ಟಿದರು. ಮುಲ್ಲರ್ 1910ರಲ್ಲಿ ತೀರಿಕೊಂಡರು. ಆ ಔಷಧಿಯನ್ನು ಅವರು ಕಾಣಲಿಲ್ಲ. ಪ್ರತಿದಿನ ಬಲಿಪೀಠದಲ್ಲಿ ಮುರಿಯಲ್ಪಟ್ಟ ದೇಹವನ್ನು ಎತ್ತಿಹಿಡಿದ ಕೈಗಳಿಗೆ ಆ ದೇಹಗಳು ಅಸಹ್ಯವೆನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕೋಲ್ಕತ್ತದ ಸಂತ ಮದರ್ ತೆರೇಸಾರವರ ಸಭೆ ಪ್ರತಿದಿನ ಒಂದು ಗಂಟೆಯ ಆರಾಧನೆಯನ್ನು ಆರಂಭಿಸಿದ್ದು 1973ರಲ್ಲಿ. ಕೆಲಸ ಕಡಿಮೆಯಿದ್ದ ಕಾಲವಲ್ಲ ಅದು, ಮಿತಿಮೀರಿದ್ದ ಕಾಲ. ಆದರೆ ನನಗೆ ಇದಕ್ಕಿಂತ ದೊಡ್ಡದೆನಿಸುವುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳು. ಪ್ರಾರ್ಥನೆಯಲ್ಲಿ ಹಲವು ದಶಕಗಳ ಕಾಲ ಆ ತಾಯಿಗೆ ಸಾಂತ್ವನವೇ ದೊರೆತಿರಲಿಲ್ಲವೆಂದು ಅವುಗಳಿಂದ ಜಗತ್ತು ಅರಿಯಿತು. ಆದರೂ ಆ ಗಂಟೆಯನ್ನು ಅವರು ಬಿಡಲಿಲ್ಲ. ಕಾಳಿಘಾಟಿನ ಆಶ್ರಯಧಾಮದಲ್ಲಿ ಸಾಯುತ್ತಿದ್ದವರು ಅವರಿಗೆ ಏನನ್ನು ಹಿಂದಿರುಗಿಸಬಲ್ಲವರಾಗಿದ್ದರು? ಎರಡೂ ಕಡೆ ಅದೇ ನಿಷ್ಠೆ.

ಆದುದರಿಂದ ಮೊದಲಿನ ಪ್ರಶ್ನೆ ಕೇಳಿದ ಆ ದಣಿದ ಸೊಸೆಗೆ ನಾನು ಆರಾಧನೆಗೆ ಬಾರೆಂದು ಉಪದೇಶಿಸಲಾರೆ. ಇತರ ಮೂವರು ಸುವಾರ್ತಾಕಾರರು ರೊಟ್ಟಿ ಮತ್ತು ದ್ರಾಕ್ಷಾರಸದ ಸಂಗತಿಯನ್ನು ಹೇಳುವ ಆ ಕಡೆಯ ರಾತ್ರಿಯಲ್ಲಿ ಸಂತ ಯೊವಾನ್ನರು ಪಾದ ತೊಳೆದ ಪ್ರಸಂಗವನ್ನು ಬರೆದಿದ್ದಾರೆ. ಅವಳು ಮನೆಯಲ್ಲಿ ಮಾಡುತ್ತಿರುವುದು ಅದನ್ನೇ. ಉಪದೇಶ ಬೇಕಾಗಿರುವುದು ಪರಮ ಪ್ರಸಾದದ ಮೆರವಣಿಗೆಯಲ್ಲಿ ಹೂವಿನ ಅಲಂಕಾರ, ಧ್ವನಿವರ್ಧಕಗಳಿಗೆ ತಿಂಗಳುಗಟ್ಟಲೆ ಸಭೆ ಸೇರಿ, ಅವಳ ಮನೆಯನ್ನು ಒಮ್ಮೆಯೂ ಹೊಕ್ಕದ ನಮ್ಮಂಥವರಿಗೆ.

ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನರು ರೋಮ್ ಚಕ್ರವರ್ತಿಗೆ ಕ್ರೈಸ್ತರ ಭಾನುವಾರದ ಪೂಜೆಯನ್ನು ವಿವರಿಸುತ್ತಾ, ಬಾರದಿದ್ದವರ ಮನೆಗಳಿಗೆ ಸೇವಕರು ಪ್ರಸಾದ ಒಯ್ಯುವುದನ್ನೂ, ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಸಲ್ಲುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಮ್ಮಲ್ಲಿಯೂ ಮೊದಲ ಶುಕ್ರವಾರ ಗುರುಗಳು ರೋಗಿಗಳ ಮನೆಗೆ ಪರಮ ಪ್ರಸಾದ ಕೊಂಡೊಯ್ಯುವ ರೂಢಿಯಿದೆ. ಮಲೆನಾಡಿನ ಹಳ್ಳಿಗಳಲ್ಲಿ ಮನೆಯಿಂದ ಮನೆ ದೂರ. ಗುರುಗಳು ಬೇಗ ಹೊರಡಲೇಬೇಕಾಗುತ್ತದೆ. ಮುಂದಿನ ಬಾರಿ ಅವರೊಡನೆ ನೀವೂ ಹೋಗಿರಿ. ಅವರು ಹೊರಟ ಮೇಲೆ ನೀವು ಉಳಿಯಿರಿ. ಮಳೆಯ ಮಾತು, ಅಡಿಕೆಯ ದರದ ಮಾತು ಆಡಬಹುದು. ರೋಗಿ ಮಾತನಾಡಲಾರದವರಾದರೆ ಕೈ ಹಿಡಿದು ಸುಮ್ಮನೆ ಕುಳಿತಿರಬಹುದು. ಆ ಮನೆಯ ಸೊಸೆ ಅಷ್ಟರಲ್ಲಿ ನಿಶ್ಚಿಂತೆಯಿಂದ ಸ್ನಾನ ಮಾಡಿ, ಬಿಸಿಯಾಗಿ ಒಂದು ತುತ್ತು ಉಂಡಾಳು.