ಅಶ್ವಕುಲಪರೀಕ್ಷೆ

ಕುದುರೆಯನ್ನು ಕೊಳ್ಳಲು ಹೋದವನು ಮೊದಲು ಬಾಯಿ ಬಿಡಿಸಿ ಹಲ್ಲನ್ನು ನೋಡುವನು. ಬಳಿಕ ಹಣೆ, ಎದೆ, ಬೆನ್ನುಗಳ ಮೇಲಣ ಸುಳಿಗಳನ್ನು ಎಣಿಸುವನು. ಕಡೆಗೆ ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು. ನಮ್ಮ ಸೀಮೆಯಲ್ಲಿ ಇದು ಬಹುಕಾಲದ ರೂಢಿ. ಕಡಲ ಮಾರ್ಗವಾಗಿ ಕುದುರೆಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ವರ್ತಕರ ಸಂಗತಿ ಹೊಯ್ಸಳರ ಕಾಲದ ಶಾಸನಗಳಲ್ಲಿ ಬರುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಪಟ್ಟಿಕೆಗಳಲ್ಲಿ, ಆನೆ ಸಿಂಹಗಳ ಸಾಲುಗಳಿಗೆ ಮೇಲೆ, ಸವಾರರನ್ನು ಹೊತ್ತು ಸಾಗುವ ಕುದುರೆಗಳ ಸಾಲನ್ನು ವಾಚಕರು ನೋಡಿಯೇ ಇರುವರು. ಅಂಥ ಕುದುರೆಯನ್ನು ತಂದ ವರ್ತಕನು ಅದರ ತಂದೆತಾಯಿಗಳ ವಿಷಯವಾಗಿ ಏನನ್ನೋ ಹೊಗಳಿ ಹೇಳಿಯೇ ಇದ್ದಿರಬೇಕು. ನಂಬುವುದೂ ಬಿಡುವುದೂ ಕೊಳ್ಳುವವನ ಚಿತ್ತ.

ಈಗ ಆ ಮಾತಿಗೆ ಬೇರೊಂದು ಸಾಕ್ಷಿ ದೊರೆತಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ರಾವುತರ ದಂಡಿಗಾಗಿ ಕುದುರೆಗಳನ್ನು ಬೆಳೆಸಿದ ಕುಣಿಗಲ್ಲಿನಲ್ಲಿ ಮುಂದೆ ಪಂದ್ಯದ ಕುದುರೆಗಳು ಹುಟ್ಟತೊಡಗಿದವು. ಥರೋಬ್ರೆಡ್ ಎನಿಸುವ ಈ ಜಾತಿಯ ಮರಿಯ ಹೆಸರು ವಂಶಾವಳಿಯ ಗ್ರಂಥದಲ್ಲಿ ಏರಬೇಕಾದರೆ ಯಜಮಾನನು ಬರೆದುಕೊಟ್ಟರೆ ಸಾಲದು. ಮರಿಯ ರಕ್ತವನ್ನೋ ಬುಡಸಹಿತ ಕಿತ್ತ ಕೂದಲನ್ನೋ ಪರೀಕ್ಷೆಗೆ ಕಳುಹಿಸಬೇಕು. ಭಾರತದಲ್ಲಿ ಈ ಗ್ರಂಥವನ್ನು ಇಡುವ ಪ್ರಾಧಿಕಾರವು ಪುಣೆಯಲ್ಲಿದೆ. ಕುದುರೆಯ ಜೀವಕಣದಲ್ಲಿ ೩೨ ಜೊತೆ ವರ್ಣತಂತುಗಳಿವೆ. ಪ್ರತಿಯೊಂದು ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಅವುಗಳ ಡಿ.ಎನ್.ಎ.ಯಲ್ಲಿ ಕೆಲವು ಗೊತ್ತಾದ ಸ್ಥಾನಗಳನ್ನು ಆರಿಸಿ, ಮರಿಯಲ್ಲಿರುವ ಗುರುತುಗಳನ್ನು ತಾಯಿತಂದೆಗಳೆಂದು ಹೇಳಿದ ಎರಡು ಕುದುರೆಗಳ ಗುರುತುಗಳೊಡನೆ ತಾಳೆ ನೋಡುವರು. ಇಬ್ಬರಲ್ಲಿಯೂ ಇಲ್ಲದ ಗುರುತುಗಳು ಮರಿಯಲ್ಲಿ ಕಂಡರೆ ಹೇಳಿಕೆ ಸುಳ್ಳು. ಇಲ್ಲಿ ಒಂದು ಸೂಕ್ಷ್ಮವುಂಟು. ಪರೀಕ್ಷೆಯು ‘ಅಲ್ಲ’ ಎಂದಾಗ ಅದು ನಿಶ್ಚಯದ ಮಾತು. ‘ಹೌದು’ ಎಂದಾಗ ಅದು ಬಹು ದೊಡ್ಡ ಸಂಭವದ ಮಾತು. ತಾರ್ಕಿಕರಿಗೆ ಇದು ಹೊಸದಲ್ಲ.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂದರೆ, ಪಂದ್ಯದ ಕುದುರೆಯ ಬೆಲೆ ಅದರ ಹೆಸರಿನಲ್ಲಿದೆ. ಇಂಗ್ಲೆಂಡಿನ ವೆದರ್ಬಿ ಎಂಬವನು ೧೭೯೧ರಲ್ಲಿ ಮೊದಲ ವಂಶಾವಳಿಯನ್ನು ಅಚ್ಚು ಹಾಕಿಸಿದನು. ಇಂದಿನ ಥರೋಬ್ರೆಡ್‌ಗಳೆಲ್ಲ ಗಂಡುಪೀಳಿಗೆಯಲ್ಲಿ ಪೂರ್ವದೇಶಗಳಿಂದ ತಂದ ಮೂರು ಕುದುರೆಗಳಿಗೆ ಹೋಗಿ ನಿಲ್ಲುವುವು. ಆ ಗ್ರಂಥದ ಹಳೆಯ ಸಂಪುಟಗಳಲ್ಲಿ ಕೆಲವು ಮರಿಗಳ ತಂದೆಯನ್ನು ‘ಇಂಥದು ಅಥವಾ ಇಂಥದು’ ಎಂದು ಎರಡು ಹೆಸರು ಬರೆದು ಬಿಟ್ಟಿರುವರು. ನನಗಂತೂ ಆ ‘ಅಥವಾ’ ಬಹಳ ಹಿಡಿಸಿತು. ತಿಳಿಯದುದನ್ನು ತಿಳಿಯದೆಂದೇ ಬರೆದಿಟ್ಟ ಗುಮಾಸ್ತನು ಸಾಮಾನ್ಯನಲ್ಲ. ಆದರೆ ಎಲ್ಲರೂ ಅಂಥವರಲ್ಲ. ೧೮೪೪ರಲ್ಲಿ ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲಾದ ಡರ್ಬಿ ಪಂದ್ಯದಲ್ಲಿ ನಾಲ್ಕು ವರ್ಷದ ಕುದುರೆಯೊಂದು ಬೇರೊಂದರ ಹೆಸರಿನಲ್ಲಿ ಓಡಿ ಗೆದ್ದಿತು. ವ್ಯಾಜ್ಯವು ನ್ಯಾಯಸ್ಥಾನಕ್ಕೆ ಬಂದಾಗ ನ್ಯಾಯಾಧೀಶನಾದ ಆಲ್ಡರ್ಸನ್ ಎಂಬವನು ಮನುಷ್ಯರ ಸಾಕ್ಷ್ಯದಿಂದ ತೃಪ್ತನಾಗದೆ ಕುದುರೆಯನ್ನೇ ಹಾಜರುಪಡಿಸಬೇಕೆಂದನು. ಕುದುರೆ ಬರಲಿಲ್ಲ, ದಾವೆ ಬಿದ್ದುಹೋಯಿತು. ಈಗಿನ ಪರೀಕ್ಷೆಯೂ ಆ ನ್ಯಾಯಾಧೀಶನ ಮಾತೇ. ಅದು ಪರೀಕ್ಷಿಸುವುದು ಮರಿಯನ್ನಲ್ಲ, ಮರಿಯ ವಿಷಯವಾಗಿ ಬರೆದುಕೊಟ್ಟ ಮನುಷ್ಯನನ್ನು. ರಕ್ತವನ್ನು ಹಣಕ್ಕೆ ಮಾರುವವನು ರಕ್ತಕ್ಕೆ ಲೆಕ್ಕ ಒಪ್ಪಿಸಲೇಬೇಕು. ಇದರಲ್ಲಿ ಅನ್ಯಾಯವೇನೂ ನನಗೆ ಕಾಣದು.

ಆದರೆ ಗ್ರಂಥವು ಸತ್ಯವನ್ನು ಬಿಟ್ಟು ಶುದ್ಧಿಯ ಅಭಿಮಾನಕ್ಕೆ ಇಳಿದಾಗ ಏನಾಗುವುದೆಂಬುದಕ್ಕೂ ನಿದರ್ಶನವುಂಟು. ೧೯೧೩ರಲ್ಲಿ ಇಂಗ್ಲಿಷರು, ತಮ್ಮ ಗ್ರಂಥದಲ್ಲಿ ಈಗಾಗಲೇ ಇರುವ ಕುದುರೆಗಳಿಗೆ ಎಲ್ಲ ಕಡೆಯಿಂದಲೂ ಸಂಬಂಧ ತೋರಿಸಲಾರದ ಕುದುರೆಯನ್ನು ಸೇರಿಸಬಾರದೆಂದು ಕಟ್ಟು ಮಾಡಿದರು. ಅಮೆರಿಕದ ಕುದುರೆಗಳನ್ನು ಹೊರಗಿಡುವುದೇ ಅದರ ಫಲವಾಯಿತು. ಮರುವರ್ಷವೇ, ೧೯೧೪ರಲ್ಲಿ, ಆ ಕಟ್ಟಿನಂತೆ ‘ಬೆರಕೆ’ ಎನಿಸಿದ್ದ ಎರಡನೆಯ ದರ್ಬಾರ್ ಎಂಬ ಕುದುರೆಯು ಡರ್ಬಿಯನ್ನು ಗೆದ್ದಿತು. ಕುದುರೆಗೆ ಗ್ರಂಥದ ಕಟ್ಟು ತಿಳಿಯದು. ಆದರೂ ಆ ಕಟ್ಟನ್ನು ತೆಗೆಯಲು ೧೯೪೯ರ ವರೆಗೆ ಕಾಯಬೇಕಾಯಿತು!

ಇನ್ನೂ ವಿಚಿತ್ರವಾದುದು ಈಚೆಗೆ ಹೊರಬಿದ್ದಿದೆ. ತಾಯಿಯಿಂದ ಮಾತ್ರವೇ ಇಳಿದು ಬರುವ ಡಿ.ಎನ್.ಎ. ಒಂದುಂಟು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ನಮ್ಮ ಗಾದೆಗೆ ಅದೇ ಶಾಸ್ತ್ರಾಧಾರವೆನ್ನಬಹುದು. ೨೦೦೨ರಲ್ಲಿ ಡಬ್ಲಿನ್ನಿನ ಸಂಶೋಧಕರು ಅದನ್ನು ಹಿಡಿದು ಹಳೆಯ ಹೆಣ್ಣುಪೀಳಿಗೆಗಳನ್ನು ಪರೀಕ್ಷಿಸಲಾಗಿ, ಒಂದೇ ತಾಯಿಯ ಸಂತತಿಯೆಂದು ಬರೆದಿದ್ದವುಗಳಲ್ಲಿ ಕೆಲವು ಬೇರೆ ಬೇರೆ ತಾಯಂದಿರವೆಂದು ಕಂಡುಬಂದಿತು. ಎಂದರೆ ಗ್ರಂಥದ ಆದಿಯ ಪುಟಗಳಲ್ಲಿಯೇ ತಪ್ಪುಗಳಿದ್ದುವು. ಹಾಗೆಂದು ಆ ಸಂತತಿಯನ್ನು ಯಾರೂ ಹೊರದೂಡಲಿಲ್ಲ. ನಿನ್ನೆ ಹುಟ್ಟಿದ ಮರಿಯ ತಪ್ಪು ದೋಷ. ಇನ್ನೂರು ವರ್ಷದ ತಪ್ಪು ವಂಶ! ಬಹುಕಾಲದ ಅನುಭೋಗದಿಂದ ಹೊಲಕ್ಕೆ ಹಕ್ಕು ಬರುವಂತೆ ಕುಲಕ್ಕೂ ಬರುವುದೆಂದಾಯಿತು.

ಅರಸುಕುಲಗಳೂ ಇದಕ್ಕೆ ಹೊರತಲ್ಲ. ಹೊಯ್ಸಳರು ಮಲೆನಾಡಿನ ಅಂಗಡಿಯ ಕಡೆಯಿಂದ ಬಂದ ಮಲೆಯ ಒಡೆಯರು. ಬೇಲೂರು ದೋರಸಮುದ್ರಗಳಲ್ಲಿ ನೆಲೆಯೂರಿ ರಾಜ್ಯವು ಬೆಳೆದ ಮೇಲೆ ಶಾಸನಕವಿಗಳು ಅವರನ್ನು ಯದುವಿಗೂ ಅಲ್ಲಿಂದ ಚಂದ್ರನಿಗೂ ಒಯ್ದು ಮುಟ್ಟಿಸಿದರು. ಕುದುರೆಗೆ ಮೊದಲು ವಂಶ, ಆಮೇಲೆ ಓಟ. ಅರಸರಿಗೆ ಮೊದಲು ಓಟ, ಆಮೇಲೆ ವಂಶ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಮುಂದೆ ನಿಂತವನಿಗೆ ಆ ವಂಶಾವಳಿಯನ್ನು ಪರೀಕ್ಷಿಸಬೇಕೆಂದು ತೋರುವುದೆ?

ಮನುಷ್ಯರ ವಿಷಯದಲ್ಲಿ ನ್ಯಾಯಶಾಸ್ತ್ರವು ಕುದುರೆಯ ಮಾರ್ಗವನ್ನು ಹಿಡಿಯದಿರುವುದು ಗಮನಾರ್ಹ. ದಾಂಪತ್ಯದಲ್ಲಿ ಹುಟ್ಟಿದ ಮಗುವು ಗಂಡನದೇ ಎಂದು ೧೮೭೨ರ ಸಾಕ್ಷ್ಯದ ಕಾಯಿದೆಯು ೧೧೨ನೆಯ ಕಲಮಿನಲ್ಲಿ ಭಾವಿಸಿತು. ೨೦೨೩ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆಜ್ಞೆ ಕೊಡಲಾಗದೆಂದು ಸುಪ್ರೀಂ ಕೋರ್ಟು ೧೯೯೩ರಲ್ಲಿ ಹೇಳಿತು. ಪರೀಕ್ಷೆಯೇ ನಡೆದು ನಿಜವು ಎದುರಿಗೆ ನಿಂತಾಗ ಭಾವನೆಗಿಂತ ನಿಜವೇ ಮೇಲೆಂದು ೨೦೧೪ರಲ್ಲಿ ಹೇಳಿದುದೂ ಉಂಟು. ಆದರೂ ಮೊದಲ ಹೆಜ್ಜೆಯಲ್ಲಿ ಅಂತರವು ಸ್ಪಷ್ಟ: ಮರಿಯನ್ನು ಸಂದೇಹಿಸಿ ಆರಂಭಿಸುವರು, ಮಗುವನ್ನು ನಂಬಿ ಆರಂಭಿಸುವರು. ಮಗುವು ಮಾರಾಟದ ವಸ್ತುವಲ್ಲವಾದುದರಿಂದ ಅದರ ರಕ್ತದ ಲೆಕ್ಕವನ್ನು ಕೇಳುವ ಹಕ್ಕು ದಾರಿಹೋಕರಿಗಿಲ್ಲ. ಹೆಣ್ಣು ನೋಡಲು ಹೋಗಿ ಮೂರು ತಲೆಮಾರಿನ ಜಾತಕವನ್ನು ಕೆದಕಿ ‘ರಕ್ತ ಒಳ್ಳೆಯದೆ?’ ಎಂದು ವಿಚಾರಿಸುವ ನಮ್ಮ ಹಿರಿಯರು ತಾವು ಯಾವ ಸಂತೆಯಲ್ಲಿ ನಿಂತಿದ್ದೇವೆಂಬುದನ್ನು ಒಮ್ಮೆ ನೆನೆಯಬೇಕು.

ಅಸ್ತ್ರಪ್ರದರ್ಶನದ ರಂಗದಲ್ಲಿ ಕರ್ಣನು ತನ್ನ ಕೈಚಳಕವನ್ನು ತೋರಿಸಿಯಾದ ಮೇಲೆ ಕೃಪನು ಅವನ ಕುಲವನ್ನು ಕೇಳಿದನು. ಆ ದಿನ ಈ ಪರೀಕ್ಷೆಯಿದ್ದಿದ್ದರೆ ಉತ್ತರವು ಕರ್ಣನ ಪಕ್ಷವಾಗಿಯೇ ಬರುತ್ತಿದ್ದಿತು, ಕೃಪನು ತಲೆತಗ್ಗಿಸಬೇಕಾಗುತ್ತಿದ್ದಿತು. ಆದರೂ ಆ ಪ್ರಶ್ನೆಯು ನ್ಯಾಯವಾಗುತ್ತಿರಲಿಲ್ಲ. ಉತ್ತರವನ್ನು ಬಲ್ಲವಳು ಪ್ರೇಕ್ಷಕರ ನಡುವೆ ಮೂರ್ಛೆ ಹೋಗಿದ್ದಳು. ಮನುಷ್ಯರಲ್ಲಿ ಮಗನ ಕುಲವನ್ನು ಪರೀಕ್ಷಿಸುವವನು ತಾಯಿಯನ್ನು ರಂಗಕ್ಕೆ ಎಳೆಯುವನು. ಲಾಯದಲ್ಲಿ ಈ ಕಷ್ಟವಿಲ್ಲ.

ಹಾಗಾದರೆ ಮಗನೇ ತನ್ನ ಹುಟ್ಟನ್ನು ತಿಳಿಯಬಯಸಿದರೆ? ಅವನಿಗೆ ಆ ಹಕ್ಕಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. ತಿಳಿದು ಏನು ಮಾಡುವನೆಂಬುದೂ ಅವನಿಗೇ ಸೇರಿದುದು. ಯುದ್ಧಕ್ಕೆ ಮುನ್ನ ಕೃಷ್ಣನು ಜನ್ಮರಹಸ್ಯವನ್ನು ಎತ್ತಿದಾಗ ಕರ್ಣನು ಅದನ್ನು ಅಲ್ಲಗಳೆಯಲಿಲ್ಲ. ಧರ್ಮರಾಜನಿಗೆ ತಿಳಿಸಬೇಡವೆಂದು ಮಾತ್ರ ಕೇಳಿಕೊಂಡು, ರಾಧೆಯ ಮಗನಾಗಿಯೇ ದುರ್ಯೋಧನನ ಪಕ್ಷಕ್ಕೆ ಹಿಂದಿರುಗಿದನು.